ಚಂದ್ರಗುತ್ತಿ ಕಲಿಸಿದ ಪಾಠ

ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ 1938ರಲ್ಲಿ ಹುಟ್ಟಿದ್ದು ಹರಿಹರದಲ್ಲಿ. ಹದಡಿ, ದಾವಣಗೆರೆ ಸೀಮೆಯ ಕೇರಿಗಳಲ್ಲಿ ಸಮಾಜದ ಕೆಲಸಕ್ಕೆ ಇಳಿಯುವ ಹುಡುಗರು ಚಳುವಳಿ ಗೆದ್ದ ಕತೆಯ ಜೊತೆಗೆ ಪೆಟ್ಟು ತಿಂದ ಕತೆಯನ್ನೂ ಓದಬೇಕು.

ಸೊರಬ ತಾಲ್ಲೂಕಿನ ಚಂದ್ರಗುತ್ತಿ. ವರದಾ ಹೊಳೆಯಲ್ಲಿ ಮಿಂದು, ಮೈಮೇಲೆ ಬಟ್ಟೆಯಿಲ್ಲದೆ ಗುಡ್ಡದ ರೇಣುಕಾಂಬೆಯ ಗುಡಿಗೆ ಓಡುವುದು ಅಲ್ಲಿನ ಹರಕೆಯಾಗಿತ್ತು. ಹರಕೆ ಹೊತ್ತವರಲ್ಲಿ ಬಹಳ ಮಂದಿ ದಲಿತರು, ಹಿಂದುಳಿದವರು. 1986ರ ಮಾರ್ಚಿನ ಜಾತ್ರೆಯಲ್ಲಿ ಇದನ್ನು ತಡೆಯಲು ಸಮಿತಿಯ ಕಾರ್ಯಕರ್ತರು ಹೋದರು. ಭಕ್ತರು ತಿರುಗಿಬಿದ್ದರು. ಕಾರ್ಯಕರ್ತರು, ಪತ್ರಕರ್ತರು, ಮಹಿಳಾ ಪೊಲೀಸರು ಎನ್ನದೆ ಹೊಡೆದು, ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಇದರ ಹಿಂದೆ ಪಟ್ಟಭದ್ರರ ಕೈ ಹುಡುಕುವುದು ಸುಲಭ. ಅಷ್ಟಕ್ಕೇ ಬಿಟ್ಟರೆ ಪಾಠ ತಪ್ಪುತ್ತದೆ. ಹರಕೆ ಹೊತ್ತವಳಿಗೆ ಹುಟ್ಟಿದ ಮಗು ಉಳಿದಿಲ್ಲ, ಆಸ್ಪತ್ರೆ ದೂರ. ಊರ ಗುಡಿಯ ಬಾಗಿಲು ಅವಳಿಗಿಲ್ಲ; ಅಮ್ಮನ ಬಾಗಿಲು ಉಂಟು. ಗಂಡನ ಆಜ್ಞೆಗೆ ಮಗನೇ ತಾಯಿಯ ತಲೆ ಕಡಿದ ಕತೆಯಲ್ಲಿ ಅವಳು ತನ್ನ ಬಾಳನ್ನೇ ಕಾಣುತ್ತಾಳೆ. ಅಂಥವಳಿಗೆ 'ಮೂಢನಂಬಿಕೆ' ಅನ್ನೋ ಮಾತು ಬೈಗುಳದ ಹಾಗೆ ಕೇಳುತ್ತದೆ. "ನೀವು ಹೊಂಟೋಗ್ತೀರಿ. ನಾಳೆ ಕೂಸಿಗೆ ಏನಾರ ಆದ್ರೆ ಯಾರು ಜವಾಬ್ದಾರಿ?" ಅಂದರೆ ನಮ್ಮ ಕರಪತ್ರದಲ್ಲಿ ಉತ್ತರವಿಲ್ಲ.

ಹಾಗಂತ ಅರಿಯುವುದೆಂದರೆ ಒಪ್ಪುವುದಲ್ಲ. 'ಅದು ಅವರ ಸಂಸ್ಕೃತಿ, ಮುಟ್ಟಬೇಡಿ' ಎನ್ನುವ ಪಂಡಿತರ ಮಗಳು ಆ ಹೊಳೆಯಿಂದ ಬೆತ್ತಲೆ ಓಡುವುದಿಲ್ಲ.

ದಾರಿ ಬೇರೆ ಕಡೆ ಕಂಡಿದೆ. ದೇವದಾಸಿ ಸಮರ್ಪಣೆ ನಿಷೇಧಿಸಿ 1982ರ ಕಾಯ್ದೆ ಬಂದ ಮೇಲೂ ಮುತ್ತು ಕಟ್ಟುವುದು ಕದ್ದುಮುಚ್ಚಿ ನಡೆಯಿತು. ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರೇ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿಕೊಂಡರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮುತ್ತು ಹರಿದವಳೇ ಎದುರು ಬಂದು ಕೂತರೆ, ಅಮ್ಮ ಮುನಿಯಲಿಲ್ಲ ಎಂಬುದಕ್ಕೆ ಅವಳೇ ಸಾಕ್ಷಿ. ಉಪದೇಶ ಬೇಕಿಲ್ಲ.

ದಾವಣಗೆರೆಗೆ ಹತ್ತಿರದ ಉಚ್ಚಂಗಿದುರ್ಗಕ್ಕೂ ಭರತ ಹುಣ್ಣಿಮೆಗೆ ಹರಕೆ ಹೊತ್ತ ಜನ ಹೋಗುತ್ತಾರೆ. ಗೆಳೆಯರೇ, ಆ ದಿನ ಗುಡ್ಡದ ಬುಡದಲ್ಲಿ ನಿಂತು ಕೂಗಿದರೆ ಸಾಲದು. ವರ್ಷವಿಡೀ ಅವರ ಹಟ್ಟಿಯಲ್ಲಿ ಕೂರಬೇಕು. ಕೂಸಿಗೆ ಜ್ವರ ಬಂದ ರಾತ್ರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದವರ ಮಾತಿಗೆ ಆ ಅವ್ವ ಕಿವಿಗೊಡುತ್ತಾಳೆ.