ಮುಕ್ಡೆನ್ ಸ್ಫೋಟ: ಯುದ್ಧಕ್ಕೆ ಹೆಣೆದ ನೆಪ

ಯುದ್ಧ ಬಯಸುವವರು ಸಾಮಾನ್ಯವಾಗಿ ‘ನಮ್ಮ ಮೇಲೆ ದಾಳಿಯಾಗಿದೆ’ ಎಂದೇ ಜನರಿಗೆ ತಿಳಿಸುತ್ತಾರೆ. ತಾವೇ ದಾಳಿ ನಡೆಸಿ ಅದನ್ನು ಎದುರಾಳಿಯ ತಲೆಗೆ ಕಟ್ಟಿದ ಉದಾಹರಣೆಗಳೂ ಇತಿಹಾಸದಲ್ಲಿವೆ. 1931ರ ಮುಕ್ಡೆನ್ ಘಟನೆ ಅವುಗಳಲ್ಲೊಂದು.

ಈಶಾನ್ಯ ಚೀನಾದ ಮಂಚೂರಿಯಾ ಕಲ್ಲಿದ್ದಲು ಮತ್ತು ಕಬ್ಬಿಣದಿಂದ ಸಮೃದ್ಧವಾದ ಪ್ರದೇಶ. ಅಲ್ಲಿನ ದಕ್ಷಿಣ ಮಂಚೂರಿಯಾ ರೈಲುಮಾರ್ಗ ಜಪಾನಿನ ಒಡೆತನದಲ್ಲಿತ್ತು. ಅದರ ಕಾವಲಿಗೆ ಕ್ವಾಂಟುಂಗ್ ಸೇನೆ ಎಂಬ ಜಪಾನಿ ಪಡೆಯಿತ್ತು. ಸೆಪ್ಟೆಂಬರ್ 18ರ ರಾತ್ರಿ, ಇಂದು ಶೆನ್ಯಾಂಗ್ ಎನಿಸಿಕೊಂಡಿರುವ ಮುಕ್ಡೆನ್ ನಗರದ ಬಳಿ ರೈಲು ಹಳಿಯ ಮೇಲೆ ಸ್ಫೋಟ ನಡೆಯಿತು. ಚೀನೀ ಸೈನಿಕರೇ ಇದನ್ನು ಮಾಡಿದರೆಂದು ಆರೋಪಿಸಿ, ಜಪಾನಿ ಪಡೆ ಆ ರಾತ್ರಿಯೇ ಸಮೀಪದ ಚೀನೀ ಸೇನಾ ಶಿಬಿರದ ಮೇಲೆ ಎರಗಿತು. ಮರುದಿನ ನಗರ ಅದರ ವಶವಾಯಿತು.

ವಾಸ್ತವದಲ್ಲಿ ಸಿಡಿಮದ್ದು ಇಟ್ಟವರು ಕ್ವಾಂಟುಂಗ್ ಸೇನೆಯವರೇ. ಇಟಗಾಕಿ ಮತ್ತು ಇಶಿವಾರಾ ಎಂಬ ಅಧಿಕಾರಿಗಳು ಸಂಚಿನ ಮುಖ್ಯ ರೂವಾರಿಗಳು. ಹಳಿಗಾದ ಹಾನಿ ಎಷ್ಟು ಅಲ್ಪವೆಂದರೆ, ಸ್ವಲ್ಪ ಹೊತ್ತಿನಲ್ಲೇ ಒಂದು ರೈಲು ಅದರ ಮೇಲೆಯೇ ಹಾದು ಸುರಕ್ಷಿತವಾಗಿ ಮುಕ್ಡೆನ್ ತಲುಪಿತು. ಟೋಕಿಯೋದ ಸಚಿವ ಸಂಪುಟ ಈ ಸಂಚಿಗೆ ಆದೇಶ ಕೊಟ್ಟಿರಲಿಲ್ಲ, ಆದರೆ ಸೇನೆಯನ್ನು ತಡೆಯಲೂ ಇಲ್ಲ. ಜಪಾನಿನ ಪತ್ರಿಕೆಗಳು ಸೇನೆಯ ಮಾತನ್ನೇ ಅಚ್ಚು ಹಾಕಿದವು. ಜನ ನಂಬಿದರು.

ಚೀನಾ ರಾಷ್ಟ್ರಸಂಘಕ್ಕೆ ದೂರಿತು. ತನಿಖೆಗೆ ಲಿಟ್ಟನ್ ಆಯೋಗ ನೇಮಕವಾಯಿತು. ಆ ರಾತ್ರಿಯ ಜಪಾನಿ ಕಾರ್ಯಾಚರಣೆಯನ್ನು ಆತ್ಮರಕ್ಷಣೆಯೆಂದು ಒಪ್ಪಲಾಗದು ಎಂದು ಆಯೋಗದ ವರದಿ ಹೇಳಿದ್ದು 1932ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಮಂಚೂರಿಯಾ ಪೂರ್ತಿ ಕೈತಪ್ಪಿ, ಮಂಚುಕುವೊ ಎಂಬ ಕೈಗೊಂಬೆ ರಾಜ್ಯ ಸ್ಥಾಪನೆಯಾಗಿತ್ತು. 1933ರ ಫೆಬ್ರವರಿಯಲ್ಲಿ 42 ರಾಷ್ಟ್ರಗಳು ಜಪಾನಿನ ವಿರುದ್ಧ ಮತ ಹಾಕಿದಾಗ ಅದು ರಾಷ್ಟ್ರಸಂಘವನ್ನೇ ತೊರೆಯಿತು. 1937ರಲ್ಲಿ ಚೀನಾದ ಮೇಲೆ ಪೂರ್ಣ ಯುದ್ಧ ಆರಂಭವಾಗಿ ಲಕ್ಷಾಂತರ ಜನಸಾಮಾನ್ಯರು ಬಲಿಯಾದರು. ಸಂಚಿನಲ್ಲಿದ್ದ ಹನಾಯಾ ಎಂಬ ಅಧಿಕಾರಿ ನಿಜವನ್ನು ಬರೆದು ಪ್ರಕಟಿಸಿದ್ದು 1956ರಲ್ಲಿ, ಅಂದರೆ 25 ವರ್ಷಗಳ ನಂತರ.

ಹಾಗೆಂದು ಪ್ರತಿಯೊಂದು ದಾಳಿಯೂ ಸರಕಾರದ್ದೇ ನಾಟಕ ಎನ್ನುವುದು ಸರಿಯಲ್ಲ. ಪುರಾವೆಯಿಲ್ಲದೆ ಹಾಗೆ ಹೇಳುವುದೂ ಸುಳ್ಳಾರೋಪವೇ. ನಿಜವಾಗಿಯೂ ಪ್ರಾಣ ಕಳೆದುಕೊಂಡವರ ಮನೆಯವರಿಗೆ ಅದು ಮತ್ತೊಂದು ಅನ್ಯಾಯ. ಮುಕ್ಡೆನ್ ಸಂಚನ್ನು ನಾವು ನಿಜವೆನ್ನುವುದು ತನಿಖೆ ಮತ್ತು ತಪ್ಪೊಪ್ಪಿಗೆಯ ಆಧಾರದಲ್ಲಿ, ಊಹೆಯ ಮೇಲಲ್ಲ.

ನಮ್ಮ ಮೊಬೈಲಿಗೆ ರೋಷ ಕೆರಳಿಸುವ ಸುದ್ದಿ ಬಂದಾಗಲೂ ಇದೇ ಅಳತೆಗೋಲು ಇರಲಿ. ಹೇಳಿದವರು ಯಾರು, ಬೇರೆ ಯಾರು ಕಂಡಿದ್ದಾರೆ, ಇದರಿಂದ ಲಾಭ ಯಾರಿಗೆ ಎಂದು ಕೇಳೋಣ. ಉತ್ತರ ಸಿಗುವ ತನಕ ಅದನ್ನು ಇನ್ನೊಬ್ಬರಿಗೆ ದಾಟಿಸದಿರೋಣ. ಮಕ್ಕಳಿಗೂ ಇದನ್ನೇ ಕಲಿಸೋಣ.