ಇಲ್ಲದ ಚಿತ್ರಕ್ಕೆ ಬಿಟ್ಟ ಜಾಗ

ಸಿನಿಮಾದ ಮಾಯೆಗೆ ನಮ್ಮ ಜನ ಮೊದಲಿನಿಂದಲೂ ಮರುಳಾದವರೇ. ೧೯೧೭ರಲ್ಲಿ ದಾದಾಸಾಹೇಬ ಫಾಲ್ಕೆಯವರು ತೆಗೆದ ‘ಲಂಕಾದಹನ’ದ ಕಾಲದಿಂದಲೂ ಪೌರಾಣಿಕ ಚಿತ್ರಗಳ ಹಾರಾಟ, ಮಾಯವಾಗುವಿಕೆ, ಬೆಂಕಿಯ ಬಾಣಗಳಿಗೆ ಚಪ್ಪಾಳೆ ತಟ್ಟುತ್ತ ಬಂದವರು ನಾವು. ಆದರೆ ಆ ಮಾಯೆ ಯಾವ ಗಳಿಗೆಯಲ್ಲಿ ಹುಟ್ಟಿತು ಎಂದು ಕೇಳಿದವರು ಕಡಮೆ. ಷೂಟಿಂಗ್ ಮುಗಿದ ಮೇಲೆ ಯಾರೋ ಜಾಣ ಕೆಲಸಗಾರ, ಈಗಿನ ಕಾಲದಲ್ಲಾದರೆ ಕಂಪ್ಯೂಟರಿನ ಮುಂದೆ ಕುಳಿತ ತರುಣ, ಅದನ್ನು ಸೇರಿಸಿಬಿಡುತ್ತಾನೆ ಎಂಬುದು ಸಾಮಾನ್ಯ ತಿಳಿವಳಿಕೆ. ನನಗೆ ತೋರುವುದು ಬೇರೆ. ಮಾಯೆಯ ಅರ್ಧಕ್ಕಿಂತ ಹೆಚ್ಚಿನ ಕೆಲಸ ಷೂಟಿಂಗಿನ ದಿನದಲ್ಲಿಯೂ ಸಂಕಲನದ ಮೇಜಿನ ಮೇಲೆಯೂ ತೀರಿಹೋಗಿರುತ್ತದೆ. ಈ ಮಾತಿಗೆ ಸಾಕ್ಷಿಯಾಗಿ ನಾನು ಹಿಡಿಯುವುದು ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳು ಆರಂಭಿಸಿದ ಒಂದು ಚಿತ್ರವನ್ನು.

ಅದಕ್ಕೆ ಮುನ್ನ ಮೂಲಪುರುಷನೊಬ್ಬನನ್ನು ನೆನೆಯಬೇಕು. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ೧೮೯೮ರಲ್ಲಿ ತೆಗೆದ ಪುಟ್ಟ ಚಿತ್ರವೊಂದರಲ್ಲಿ ತನ್ನ ತಲೆಯನ್ನು ತಾನೇ ಕಿತ್ತು ಮೇಜಿನ ಮೇಲಿಡುತ್ತಾನೆ. ಮೂರು ತಲೆಗಳು ಅಲ್ಲಿ ಕುಳಿತು ಮಾತಾಡುತ್ತವೆ. ಗುಟ್ಟು ಇಷ್ಟೆ: ಹಿಂದೆ ಕಪ್ಪು ಪರದೆ. ಕಪ್ಪು ಭಾಗದಿಂದ ಫಿಲ್ಮಿಗೆ ಬೆಳಕು ತಾಗುವುದಿಲ್ಲ. ಆದ್ದರಿಂದ ಫಿಲ್ಮನ್ನು ಕ್ಯಾಮರಾದಲ್ಲಿ ಹಿಂದಕ್ಕೆ ಸುತ್ತಿ, ಅದೇ ಜಾಗದಲ್ಲಿ ಇನ್ನೊಂದು ಚಿತ್ರವನ್ನು ಹಿಡಿಯಬಹುದು. ಮೊದಲ ಸಲ ನಟಿಸುವಾಗಲೇ, ಇನ್ನೂ ಇಲ್ಲದ ತಲೆಗೆ ಅವನು ಜಾಗ ಬಿಟ್ಟಿರಬೇಕು. ಮುಂದಿನ ನೂರು ವರ್ಷಗಳ ಟ್ರಿಕ್ ಷಾಟುಗಳ ಶಾಸ್ತ್ರವೆಲ್ಲ ಈ ಒಂದು ಸೂತ್ರದಲ್ಲಿ ಅಡಗಿದೆ ಎಂದರೆ ತಪ್ಪಾಗದು.

ಈಗ ನಮ್ಮ ವಿದ್ಯಾರ್ಥಿಗಳ ಕಡೆಗೆ ಬರೋಣ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿರುವ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ೧೯೭೦ರಲ್ಲಿ ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಒಬ್ಯಾನನ್ ಎಂಬ ಇಬ್ಬರು ‘ಡಾರ್ಕ್ ಸ್ಟಾರ್’ ಎಂಬ ಚಿತ್ರಕ್ಕೆ ಕೈ ಹಾಕಿದರು. ಎರಡು ವರ್ಷ ಹಿಂದೆಯಷ್ಟೆ ಸ್ಟಾನ್ಲಿ ಕುಬ್ರಿಕನ ‘೨೦೦೧: ಎ ಸ್ಪೇಸ್ ಒಡಿಸ್ಸಿ’ ಬಂದು ಆಕಾಶಯಾನದ ಚಿತ್ರಗಳಿಗೆ ಭಾರಿ ಗಾಂಭೀರ್ಯ ತಂದುಕೊಟ್ಟಿತ್ತು. ಈ ಹುಡುಗರು ಅದನ್ನು ತಮಾಷೆ ಮಾಡಹೊರಟರು. ಅಸ್ಥಿರವಾದ ಗ್ರಹಗಳನ್ನು ಬಾಂಬಿನಿಂದ ಒಡೆಯುತ್ತ ವರ್ಷಗಟ್ಟಲೆ ಬಾಹ್ಯಾಕಾಶದಲ್ಲಿ ಅಲೆದು ಬೇಸತ್ತ ನಾಲ್ವರು, ಜೊತೆಗೆ ವಾದಕ್ಕೆ ನಿಲ್ಲುವ ಬಾಂಬು. ಇದು ಕಥೆ. ನೌಕೆಯೂ ನಕ್ಷತ್ರಗಳೂ ಇಲ್ಲದೆ ಇದು ನಿಲ್ಲದು. ಅವನ್ನು ಕೊಳ್ಳಲು ಹಣವಿಲ್ಲ. ೧೬ ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರಿಸಿ, ೧೯೭೨ರ ಹೊತ್ತಿಗೆ ಸುಮಾರು ೪೫ ನಿಮಿಷದ ಚಿತ್ರವೊಂದನ್ನು ಕೆಲವೇ ಸಾವಿರ ಡಾಲರುಗಳಲ್ಲಿ ಅವರು ಸಿದ್ಧಪಡಿಸಿದರು.

ಇಂಥ ಚಿತ್ರದ ಲೆಕ್ಕಾಚಾರ ಹೇಗಿರುತ್ತದೆ, ಸ್ವಲ್ಪ ನೋಡಿ. ಸೆಕೆಂಡಿಗೆ ೨೪ ಚೌಕಟ್ಟುಗಳು. ನೌಕೆ ಮೂರು ಸೆಕೆಂಡು ಕಾಣಿಸಿದರೆ ೭೨ ಚೌಕಟ್ಟು, ಐದು ಸೆಕೆಂಡಾದರೆ ೧೨೦. ಸಾಧಾರಣ ದೃಶ್ಯದಲ್ಲಿ ಈ ಎರಡು ಸೆಕೆಂಡುಗಳ ವ್ಯತ್ಯಾಸ ಯಾರಿಗೂ ಭಾರವಲ್ಲ. ಆದರೆ ಮಾದರಿಯನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚೌಕಟ್ಟನ್ನು ಹಿಡಿಯುವವನಿಗೆ ಅದು ಒಂದು ರಾತ್ರಿಯ ನಿದ್ದೆ. ಆದ್ದರಿಂದಲೇ ಸಂಕಲನಕಾರ ಮೊದಲು ಕೂರುತ್ತಾನೆ. ನಟರ ದೃಶ್ಯಗಳ ಕಚ್ಚಾ ಪ್ರತಿಯನ್ನು ಕತ್ತರಿಸಿ ಜೋಡಿಸುತ್ತಾನೆ. ನೌಕೆ ಬರಬೇಕಾದಲ್ಲಿ ಅಷ್ಟೇ ಉದ್ದದ ಖಾಲಿ ಫಿಲ್ಮಿನ ತುಂಡನ್ನು ಅಂಟಿಸುತ್ತಾನೆ. ಒಂದು ದೃಶ್ಯ ಕರಗಿ ಇನ್ನೊಂದಾಗುವ ಕಡೆ ಮೇಣದ ಪೆನ್ಸಿಲಿನಿಂದ ಓರೆಗೆರೆ ಎಳೆಯುತ್ತಾನೆ. ಆ ಖಾಲಿ ತುಂಡು ತೆರೆಯ ಮೇಲೆ ಓಡಿದಾಗ ಕಾಣುವುದು ಏನೂ ಇಲ್ಲ; ಆದರೆ ಮುಂದೆ ಮಾಡಬೇಕಾದ ಕೆಲಸದ ಅಳತೆ ಅಲ್ಲಿದೆ. ಸಂಕಲನ ಗಟ್ಟಿಯಾಗದೆ ಮಾಯೆಗೆ ಕೈ ಹಾಕಿದವನು ಕೊನೆಗೆ ಕಸದ ಬುಟ್ಟಿಗೆ ಹೋಗುವ ಚೌಕಟ್ಟುಗಳಿಗಾಗಿ ದುಡಿಯುತ್ತಾನೆ.

ಷೂಟಿಂಗಿನ ದಿನದ ಶಿಸ್ತೂ ಇಂಥದೇ. ಕ್ಯಾಮರಾ ಅಲುಗಬಾರದು. ಮಸೂರ ಯಾವುದು, ನೆಲದಿಂದ ಎತ್ತರವೆಷ್ಟು, ಬೆಳಕು ಯಾವ ದಿಕ್ಕಿನದು ಎಂದು ಬರೆದಿಡಬೇಕು. ಏಕೆಂದರೆ ನಾಳೆ ಬರುವ ಮಾದರಿಯ ಮೇಲೆಯೂ ಅದೇ ದಿಕ್ಕಿನ ಬೆಳಕು ಬೀಳಬೇಕು. ನಟರು ಆಚೆ ಸರಿದ ಮೇಲೆ ಅದೇ ಜಾಗವನ್ನು ಬರಿದಾಗಿ ಒಮ್ಮೆ ಹಿಡಿದಿಡಬೇಕು. ಎಲ್ಲಕ್ಕಿಂತ ಕಷ್ಟದ್ದು ನಟನ ನೋಟ. ಇಲ್ಲದ ವಸ್ತುವನ್ನು ನೋಡಿ ಅವನು ಬೆದರಬೇಕು; ಇಬ್ಬರು ನಟರಿದ್ದರೆ ಇಬ್ಬರೂ ಒಂದೇ ಬಿಂದುವನ್ನು ನೋಡಬೇಕು. ಕೋಲಿನ ತುದಿಗೆ ಕಟ್ಟಿದ ಬಟ್ಟೆಯ ಚೂರು ಅಲ್ಲಿ ರಾಕ್ಷಸನ ಕಣ್ಣು.

‘ಡಾರ್ಕ್ ಸ್ಟಾರ್’ನ ವಿಶೇಷ ಇಲ್ಲಿಯೇ ಇರುವುದು. ಕಾರ್ಪೆಂಟರ್ ನಿರ್ದೇಶಕ, ಸಂಗೀತವೂ ಅವನದೇ. ಒಬ್ಯಾನನ್ನನಾದರೋ ಕಥೆ ಬರೆಯುವುದರಲ್ಲಿ ಪಾಲುದಾರ, ಮುಖ್ಯ ನಟರಲ್ಲೊಬ್ಬ, ಸಂಕಲನಕಾರ, ಟ್ರಿಕ್ ಷಾಟುಗಳ ಮೇಲ್ವಿಚಾರಕ. ಬರೆದ ಕೈಯೇ ಕತ್ತರಿಸಿತು, ಕತ್ತರಿಸಿದ ಕೈಯೇ ಮಾಯೆಯನ್ನು ಕಟ್ಟಿತು. ನಕ್ಷತ್ರಗಳು ಗೆರೆಗೆರೆಯಾಗಿ ಹಿಂದಕ್ಕೆ ಧಾವಿಸುವ ದೃಶ್ಯವನ್ನು ಅವರು ಸಾಧಿಸಿದ್ದು ಕ್ಯಾಮರಾದ ಕವಾಟವನ್ನು ತೆರೆದಿಟ್ಟು ಕ್ಯಾಮರಾವನ್ನೇ ಚಲಿಸಿ. ಚುಕ್ಕಿ ಉದ್ದನೆಯ ಗೆರೆಯಾಯಿತು. ಇದರ ಖರ್ಚು ತಾಳ್ಮೆಯೊಂದೇ.

ಮುಂದಿನ ಕಥೆ ಅಷ್ಟು ಸುಖದ್ದಲ್ಲ. ಚಿತ್ರಮಂದಿರಗಳಲ್ಲಿ ತೋರಿಸಲು ೪೫ ನಿಮಿಷ ಸಾಲದು. ಹೊರಗಿನ ಹಣ ಸಿಕ್ಕಿತು. ೧೯೭೩ರಲ್ಲಿ ಹೊಸ ದೃಶ್ಯಗಳನ್ನು ತೆಗೆದು ಸೇರಿಸಿದರು. ಸಮುದ್ರದಂಡೆಯಲ್ಲಿ ಮಕ್ಕಳು ಆಡುವ ಗಾಳಿಚೆಂಡಿಗೆ ಬಣ್ಣ ಬಳಿದು, ಕೆಳಗೆ ಪಂಜದಂಥ ಕಾಲು ಹಚ್ಚಿ ಅನ್ಯಲೋಕದ ಪ್ರಾಣಿಯನ್ನಾಗಿ ಮಾಡಿದ್ದು ಆಗಲೇ. ಸುಮಾರು ೬೦,೦೦೦ ಡಾಲರು ವೆಚ್ಚದಲ್ಲಿ, ೩೫ ಮಿಲಿಮೀಟರಿಗೆ ಹಿಗ್ಗಿಸಿದ ಚಿತ್ರ ೧೯೭೪ರಲ್ಲಿ ಲಾಸ್ ಏಂಜಲೀಸಿನ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಜಗತ್ತಿನ ಅತ್ಯಂತ ಬೆರಗಿನ ವಿದ್ಯಾರ್ಥಿಚಿತ್ರ ತಮ್ಮ ಕೈಯಲ್ಲಿತ್ತು, ಅದು ಜಗತ್ತಿನ ಅತ್ಯಂತ ಪೇಲವ ವೃತ್ತಿಪರ ಚಿತ್ರವಾಯಿತು ಎಂಬರ್ಥದ ಮಾತನ್ನು ಒಬ್ಯಾನನ್ ಮುಂದೆ ಹೇಳಿದ್ದುಂಟು. ಅದರಲ್ಲಿ ನೋವಿದೆ, ಸತ್ಯವೂ ಇದೆ. ಅಳತೆಗೆ ಹೊಲಿದ ಅಂಗಿಗೆ ಬಟ್ಟೆ ಸೇರಿಸಿ ದೊಡ್ಡದು ಮಾಡಿದರೆ ಹೊಲಿಗೆ ಕಾಣದೆ ಇರುತ್ತದೆಯೆ?

ಆದರೂ ಕಲಿತದ್ದು ವ್ಯರ್ಥವಾಗಲಿಲ್ಲ. ನಗೆಯ ಚೆಂಡು ಒಬ್ಯಾನನ್ನನ ಮನಸ್ಸಿನಲ್ಲಿ ಭಯದ ರೂಪ ತಾಳಿ, ಅವನು ಚಿತ್ರಕಥೆ ಬರೆದ ‘ಏಲಿಯನ್’ (೧೯೭೯) ಆಯಿತು. ನೌಕೆಯ ಮಾದರಿಯನ್ನು ಕಟ್ಟಿದ ಗ್ರೆಗ್ ಜೀನ್ ೧೯೭೭ರ ‘ಕ್ಲೋಸ್ ಎನ್‌ಕೌಂಟರ್ಸ್’ ಚಿತ್ರದ ಮಹಾನೌಕೆಯನ್ನು ಕಟ್ಟಿದ. ಅದೇ ವರ್ಷದ ‘ಸ್ಟಾರ್ ವಾರ್ಸ್’ನ ಕಂಪ್ಯೂಟರ್ ತೆರೆಗಳ ಕೆಲಸದಲ್ಲಿ ಒಬ್ಯಾನನ್ನನೂ ಇದ್ದ. ಅದರ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅದೇ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿ. ನೌಕೆಗಳ ಕಾಳಗ ಇನ್ನೂ ಹುಟ್ಟುವ ಮೊದಲೇ ಆತ ಹಳೆಯ ಯುದ್ಧಚಿತ್ರಗಳ ವಿಮಾನ ಕಾಳಗಗಳನ್ನು ತುಂಡುತುಂಡಾಗಿ ಆಯ್ದು ಆ ಜಾಗಕ್ಕೆ ಜೋಡಿಸಿಟ್ಟ. ಮಾದರಿಗಳನ್ನು ಹಾರಿಸಬೇಕಾದವರಿಗೆ ವೇಗವೂ ಉದ್ದವೂ ಅದರಿಂದ ತಿಳಿದುವು. ಖಾಲಿ ಫಿಲ್ಮಿನ ಜಾಗಕ್ಕೆ ವಿಮಾನ ಬಂತು, ತತ್ತ್ವ ಬದಲಾಗಲಿಲ್ಲ.

ಬೆಂಗಳೂರಿನ ತರುಣ ಮಿತ್ರರು ತಮ್ಮ ಕಿರುಚಿತ್ರಗಳನ್ನು ಆಗಾಗ ನನಗೆ ತೋರಿಸುವುದುಂಟು. ಇಂದು ಫಿಲ್ಮಿನ ಖರ್ಚಿಲ್ಲ. ಹಸಿರು ಪರದೆಯನ್ನು ಮನೆಯ ಗೋಡೆಗೇ ಕಟ್ಟಬಹುದು. ಮೆಲಿಯೆಸ್ ಕನಸಿನಲ್ಲಿಯೂ ಕಾಣದ ಸಾಧನ ಹುಡುಗನ ಕಿಸೆಯಲ್ಲಿದೆ. ‘ಈಗ ತೆಗೆದುಬಿಡೋಣ, ಆಮೇಲೆ ನೋಡಿಕೊಳ್ಳೋಣ’ ಎಂಬ ಮಾತೂ ಅದರೊಂದಿಗೆ ಬಂದಿದೆ. ನನ್ನನ್ನು ಚಿಂತೆಗೆ ಹಚ್ಚುವುದು ಈ ‘ಆಮೇಲೆ’. ತಿಂಗಳುಗಟ್ಟಲೆ ಕಂಪ್ಯೂಟರಿನ ಮುಂದೆ ಸವೆದು, ಕೊನೆಗೆ ಚಿತ್ರವನ್ನೇ ಕೈಬಿಟ್ಟ ಜಾಣ ಹುಡುಗರನ್ನು ನಾನು ಬಲ್ಲೆ. ಅವರಲ್ಲಿ ಪ್ರತಿಭೆಗೆ ಕೊರತೆಯಿರಲಿಲ್ಲ. ಯಾವ ಷಾಟು ಎಷ್ಟು ಚೌಕಟ್ಟು ಎಂದು ಯಾರೂ ಅವರಿಂದ ಮೊದಲೇ ಲೆಕ್ಕ ಕೇಳಿರಲಿಲ್ಲ.

ಬಡತನ ಆ ಲೆಕ್ಕವನ್ನು ಹಿಂದಿನವರಿಂದ ಬಲವಂತವಾಗಿ ಕೇಳಿತು. ಬಡತನವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅದು ಮುರಿದುಹಾಕಿದ ಚಿತ್ರಗಳೇ ಹೆಚ್ಚು. ಆದರೆ ಸಾಧನ ಅಗ್ಗವಾದ ಕಾಲದಲ್ಲಿ ಆ ಪ್ರಶ್ನೆಯನ್ನು ನಾವೇ ನಮಗೆ ಹಾಕಿಕೊಳ್ಳಬೇಕು. ಮೊದಲ ಸಂಕಲನದಲ್ಲಿ ಖಾಲಿ ಜಾಗಗಳನ್ನು ಹಾಗೆಯೇ ಬಿಟ್ಟು ನಾಲ್ಕು ಜನರಿಗೆ ತೋರಿಸಿ. ಮಾಯೆಯಿಲ್ಲದೆಯೂ ಕಥೆ ಅವರಿಗೆ ತಿಳಿದರೆ, ಆ ಜಾಗಗಳನ್ನು ತುಂಬಲು ಧೈರ್ಯವಾಗಿ ಕುಳಿತುಕೊಳ್ಳಬಹುದು.