ಗುರುಪರಂಪರೆಯ ಸತ್ಯಶೋಧಕ ಡಾ. ಆ. ನೇ. ಉಪಾಧ್ಯೆ

ಕಂದಿಕೆರೆಯ ತೆಂಗಿನ ಸೀಮೆಯಲ್ಲಿ ಹಿರಿಯರು ಕಾಲವಾದ ಮೇಲೆ ತೋಟವು ಮಕ್ಕಳ ಹೆಸರಿಗೆ ಬರಬೇಕಾದರೆ ವಂಶವೃಕ್ಷ ಬೇಕಾಗುತ್ತದೆ. ಅದನ್ನು ಬರೆಯಿಸುವಾಗ ತೊಡಕೊಂದು ಎದುರಾಗುವುದುಂಟು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರೆ ಇಬ್ಬರೂ ಒಬ್ಬರೆಂದು ಎಣಿಕೆಯಾಗಿ ನಡುವಿನ ತಲೆಮಾರೇ ಮರೆಯಾಗುತ್ತದೆ. ಕರೆಯುವ ಹೆಸರೂ ದಾಖಲೆಯ ಹೆಸರೂ ಬೇರೆಯಾಗಿದ್ದರೆ ಒಬ್ಬರೇ ಇಬ್ಬರಾಗುತ್ತಾರೆ. ಮನೆತನಗಳ ವಂಶಾವಳಿಗೆ ಒದಗುವ ಈ ತೊಡಕು ನಮ್ಮ ಆಚಾರ್ಯರ ಗುರುಪರಂಪರೆಗೂ ಒದಗಿದೆ. ಅದನ್ನು ಬಿಡಿಸುವ ಬಗೆಯನ್ನು ಕಲಿಸಿಕೊಟ್ಟವರಲ್ಲಿ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು ಪ್ರಾತಃಸ್ಮರಣೀಯರು.

1906ರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಮೂರು ದಶಕಗಳ ಕಾಲ ಅರ್ಧಮಾಗಧಿಯನ್ನು ಬೋಧಿಸಿದರು. 1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾದರು. 1975ರಲ್ಲಿ ದಿವಂಗತರಾದರು.

1935ರಲ್ಲಿ ಅವರು ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು ಸಂಪಾದಿಸಿ ದೀರ್ಘವಾದ ಪೀಠಿಕೆಯನ್ನು ಬರೆದರು. ಕುಂದಕುಂದರಿಗೆ ಪದ್ಮನಂದಿ, ವಕ್ರಗ್ರೀವ, ಏಲಾಚಾರ್ಯ, ಗೃಧ್ರಪಿಂಛ ಎಂಬ ಹೆಸರುಗಳೂ ಸೇರಿ ಐದು ನಾಮಗಳಿದ್ದುವೆಂಬುದು ರೂಢಿಯ ಮಾತು. ಹಂಪೆಯಲ್ಲಿ ದಂಡನಾಯಕ ಇರುಗಪ್ಪನು ಕಟ್ಟಿಸಿದ ಬಸದಿಯ ಮುಂದಿನ ಕಂಬದಲ್ಲಿ, 14ನೆಯ ಶತಮಾನದ ಕೊನೆಯ ಭಾಗದ ಶಾಸನವೂ ಹಾಗೆಯೇ ಹೇಳುತ್ತದೆ. ಉಪಾಧ್ಯೆಯವರು ಅದನ್ನು ಹಳೆಯ ಆಧಾರಗಳೊಡನೆ ಹೋಲಿಸಿ ನೋಡಿದರು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯು ವಕ್ರಗ್ರೀವರನ್ನು ಬೇರೆಯೇ ಮುನಿಗಳೆಂದು ಸ್ತುತಿಸುತ್ತದೆ. ಗೃಧ್ರಪಿಂಛ ಎಂಬ ಹೆಸರು ಬೆಳಗೊಳದ ಶಾಸನಗಳಲ್ಲಿ ಉಮಾಸ್ವಾತಿಗಳದು. ಆದುದರಿಂದ ಈ ಎರಡು ಹೆಸರುಗಳನ್ನು ಕುಂದಕುಂದರಿಗೆ ಸಲ್ಲಿಸಲು ಅವರು ಒಪ್ಪಲಿಲ್ಲ.

ಮಂಗಳಾಚರಣೆಯಲ್ಲಿ ಗೌತಮ ಗಣಧರರ ಬೆನ್ನಿಗೇ ನಾವು ಸ್ಮರಿಸುವ ಆಚಾರ್ಯರ ವಿಷಯದಲ್ಲಿ ಹೀಗೆ ಬರೆಯುವುದು ಸುಲಭವಲ್ಲ. ಆದರೆ ಇದರಿಂದ ಕುಂದಕುಂದರ ಮಹಿಮೆ ಕುಂದಿತೆ? ಇಲ್ಲ. ಅವರ ಹೆಸರಿನ ಮರೆಯಲ್ಲಿ ಉಳಿದಿದ್ದ ಮತ್ತೊಬ್ಬ ಮುನಿಗಳಿಗೆ ಅವರ ಸ್ಥಾನ ಮರಳಿ ದೊರೆಯಿತು. ಒಬ್ಬರಿಗೆ ಸಲ್ಲಬೇಕಾದುದನ್ನು ಭಕ್ತಿಯಿಂದಲೇ ಮತ್ತೊಬ್ಬರಿಗೆ ಕೊಟ್ಟರೂ ಅದು ನ್ಯಾಯವಲ್ಲ. ಸತ್ಯ ಮತ್ತು ಅಚೌರ್ಯಗಳೆಂಬ ಅಣುವ್ರತಗಳು ಬಾಯಿಗೂ ಕೈಗೂ ಮಾತ್ರವಲ್ಲ, ಲೇಖನಿಗೂ ಅನ್ವಯಿಸುತ್ತವೆ.

ಇಂತಹ ಗುರುವನ್ನು ಭಾವಚಿತ್ರಕ್ಕೆ ಹಾರ ಹಾಕಿ ಗೌರವಿಸಿದರೆ ಸಾಲದು. ಬಸದಿಯ ಜೀರ್ಣೋದ್ಧಾರದಲ್ಲಿ ಹಳೆಯ ದಾನಿಗಳ ಹೆಸರಿನ ಕಲ್ಲಿಗೆ ಬಣ್ಣ ಬಳಿಯುವ ಮೊದಲು ಟ್ರಸ್ಟಿನವರು ಅದನ್ನು ಅಕ್ಷರಶಃ ಬರೆದುಕೊಳ್ಳಲಿ. ಮನೆಯ ಹಿರಿಯರು ಇರುವಾಗಲೇ ವಂಶಾವಳಿಯನ್ನು ಕೇಳಿ ಬರೆದಿಡೋಣ. ಹೆಣ್ಣುಮಕ್ಕಳ ಹೆಸರುಗಳನ್ನೂ, ಅವರನ್ನು ಕೊಟ್ಟ ಊರುಗಳನ್ನೂ ಅದರಲ್ಲಿ ಬಿಡದಿರೋಣ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆಯಾಗಿ ಬರೆಯೋಣ. ತಿಳಿಯದ ತಲೆಮಾರಿನ ಜಾಗವನ್ನು ಖಾಲಿ ಬಿಡೋಣ. ಕಲ್ಪಿತ ಹೆಸರಿಗಿಂತ ಆ ಖಾಲಿ ಜಾಗವೇ ಹಿರಿಯರಿಗೆ ಹೆಚ್ಚಿನ ಗೌರವ.